ವೃದ್ಧವಾಹನ ದೂರಯಾನ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು ಎಂಬುದನ್ನು ಮೊದಲೇ ಹೇಳಿಬಿಡುವುದು ಪೂರ್ವಾಚಾರ್ಯರ ಕ್ರಮ. ವೃದ್ಧವಾಹನ ಶಾಸ್ತ್ರಕ್ಕೆ ಅಧಿಕಾರಿ, ಮನೆಯ ಮುಂದೆ ಎ.ಸಿ. ಇರುವ ಹೊಸ ಕಾರು ನಿಂತಿದ್ದರೂ ಮಂಗಳೂರಿನ ಮದುವೆಗೆ 1974ರ ಪ್ರೀಮಿಯರ್ ಪದ್ಮಿನಿಯಲ್ಲೇ ಹೋಗುತ್ತೇನೆಂದು ಹಟ ಹಿಡಿದವನು. ವಿಷಯ, ಬೆಂಗಳೂರು ಬಿಟ್ಟು ಶಿರಾಡಿ ಘಾಟಿ ಇಳಿದು, ಸುಮಾರು 350 ಕಿ.ಮೀ. ದೂರದ ಮಂಟಪವನ್ನು ಅದೇ ದಿನ, ಹೊರಟ ವಾಹನದಲ್ಲೇ ತಲುಪುವುದು. ಪ್ರಯೋಜನದ ಬಗ್ಗೆ ಮನೆಮಂದಿ ಎತ್ತಿರುವ ಆಕ್ಷೇಪಕ್ಕೆ ಶಾಸ್ತ್ರಕಾರರು ಮೌನ ತಾಳಿದ್ದಾರೆ. ಮೌನವೂ ಒಂದು ಸಮಾಧಾನವೇ ಎಂದು ಟೀಕಾಕಾರರ ಮತ.

ಈ ದರ್ಶನದ ಆದ್ಯ ಆಚಾರ್ಯೆ ಜರ್ಮನಿಯ ಬೆರ್ಥಾ ಬೆಂಝ್. 1888ರ ಆಗಸ್ಟಿನಲ್ಲಿ ಆಕೆ ಗಂಡ ಕಾರ್ಲ್ ಬೆಂಝ್‌ಗೆ ಮೊದಲೇ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮನ್‌ಹೈಮ್‌ನಿಂದ ಫೋರ್ಝ್‌ಹೈಮ್‌ನ ತವರಿಗೆ ನೂರು ಕಿಲೋಮೀಟರಿಗೂ ಮಿಕ್ಕಿ ಮೂರು ಗಾಲಿಯ ಬಂಡಿ ಓಡಿಸಿದಳು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಹೋದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ವೀಸ್ಲೋಕ್ ಊರಿನ ಔಷಧದಂಗಡಿಯಲ್ಲಿ ಇಂಧನ ಕೊಂಡಳು, ಸವೆದ ಬ್ರೇಕಿಗೆ ಚಪ್ಪಲಿ ಹೊಲಿಯುವವನಿಂದ ತೊಗಲು ಹೊಡೆಸಿದಳು. ಬಂಡಿ ಆಗಿನ್ನೂ ಹೊಸದು ಎಂಬುದನ್ನು ವಿದ್ವಾಂಸರು ಗಮನಿಸಬೇಕು. ಅದಕ್ಕಿಂತ ಮುಖ್ಯವಾಗಿ, ಕೈಕೊಟ್ಟದ್ದು ಇಂಜಿನ್ ಅಲ್ಲ; ನಳಿಕೆ, ತಂತಿ, ಬ್ರೇಕಿನ ಪಟ್ಟಿ. ಇಷ್ಟು ವರ್ಷ ಕಳೆದರೂ ಈ ಪಟ್ಟಿಯಲ್ಲಿ ಹೇಳಿಕೊಳ್ಳುವಂಥ ತಿದ್ದುಪಡಿಯಾಗಿಲ್ಲ.

ಈ ದರ್ಶನಕ್ಕೆ ವಿರುದ್ಧವಾದದ್ದು ಥಳಕುವಾದ. ಬಂಪರಿಗೆ ಕ್ರೋಮ್ ಹಾಕಿಸಿ, ಮೂಲ ಬಣ್ಣವನ್ನೇ ಹುಡುಕಿ ಬಳಿಸಿ, ಸೀಟಿಗೆ ಹೊಸ ರೆಕ್ಸಿನ್ ಹೊದಿಸಿದರೆ ಕಾರು ಕಾಶಿಗೂ ಹೋದೀತು ಎಂಬುದು ಇವರ ಸಿದ್ಧಾಂತ. ಅಂಥ ಕಾರಿನ ಬಾನೆಟ್ ಎತ್ತಿದರೆ ರೇಡಿಯೇಟರಿನ ಹೋಸ್ ಪೈಪು ಬಿರುಕುಬಿಟ್ಟಿರುತ್ತದೆ, ಪೆಟ್ರೋಲ್ ಪೈಪು ಕೈಯಲ್ಲೇ ಮುರಿಯುತ್ತದೆ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಅದರ ಜಾತಕ: 2309 ಎಂದಿದ್ದರೆ 2009ರ 23ನೇ ವಾರದಲ್ಲಿ ಹುಟ್ಟಿದ್ದು. ಗುಂಡಿ ಸವೆದಿಲ್ಲವೆಂದು ಅದನ್ನೇ ತೊಡಿಸಿಕೊಂಡು ಹೆದ್ದಾರಿಗಿಳಿಯುವುದು ಥಳಕುವಾದದ ಪರಾಕಾಷ್ಠೆ. ಓಡದ ಕಾರಿನ ರಬ್ಬರು ಒಣಗುತ್ತದೆ, ಬ್ರೇಕಿನ ಸಿಲಿಂಡರು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಕಾರ್ಬುರೇಟರಿನಲ್ಲಿ ನಿಂತ ಪೆಟ್ರೋಲು ಅಂಟಾಗುತ್ತದೆ. ದಿನವೂ ಓಡುವ ಕಾರಿನ ಕಥೆ ಬೇರೆ: ಮುಂಬೈಯಲ್ಲಿ ಇದೇ ಪದ್ಮಿನಿ ಕಪ್ಪು-ಹಳದಿ ಬಣ್ಣ ಹಚ್ಚಿಕೊಂಡು 2023ರ ಅಕ್ಟೋಬರ್ ತನಕ ಟ್ಯಾಕ್ಸಿಯಾಗಿ ದುಡಿಯಿತು. ಅದನ್ನು ಬೀದಿಯಿಂದ ಇಳಿಸಿದ್ದು 20 ವರ್ಷದ ವಯೋಮಿತಿಯೇ ಹೊರತು 1,089 ಸಿ.ಸಿ.ಯ ಇಂಜಿನ್ ಅಲ್ಲ.

ಇನ್ನು ಪ್ರಮಾಣ ವಿಚಾರ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸಿದ ನೈಯಾಯಿಕರು ಶಿರಾಡಿಯಲ್ಲಿ ಹಳೆ ಕಾರು ಹತ್ತಿಸಿದವರಲ್ಲ. ಬಾನೆಟ್ಟಿನಿಂದ ಏಳುವ ಬಿಳಿ ಹೊಗೆ ಹೊಗೆಯೇ ಅಲ್ಲ, ರೇಡಿಯೇಟರಿನ ಆವಿ; ಮುಚ್ಚಳವನ್ನು ಆಗಲೇ ತೆರೆದವರಿಗೆ ಪ್ರತ್ಯಕ್ಷ ಪ್ರಮಾಣ ಮುಖದ ಮೇಲೆಯೇ ಸಿಗುತ್ತದೆ. ಸೈಲೆನ್ಸರಿನ ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚಾಗಿದೆ. ಆಯಿಲ್ ಸೋರುವ ಕಾರು ನಿಂತ ಜಾಗದಲ್ಲಿ ಒಂದು ದಿನ ಕಲೆಯೇ ಕಾಣದಿದ್ದರೆ ಹಿಗ್ಗಬಾರದು. ಅದು ಅನುಪಲಬ್ಧಿ: ಸೋರುವುದಕ್ಕೆ ಒಳಗೆ ಏನೂ ಉಳಿದಿಲ್ಲ.

ಶಾಸ್ತ್ರದಲ್ಲಿ ಅತಿ ಹೆಚ್ಚು ವಾಗ್ವಾದ ನಡೆದಿರುವುದು ವೇಪರ್ ಲಾಕ್ ಪ್ರಕರಣದಲ್ಲಿ. ಪದ್ಮಿನಿಯ ಪೆಟ್ರೋಲ್ ಟ್ಯಾಂಕು ಹಿಂದೆ, ಪಂಪು ಮುಂದೆ, ಅದೂ ಇಂಜಿನ್ನಿಗೇ ಅಂಟಿಕೊಂಡು. ಪಂಪು ಹಿಂದಿನಿಂದ ಪೆಟ್ರೋಲನ್ನು ಹೀರುವಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಕುದಿಯುವುದು ಸುಲಭ, ಪಕ್ಕದಲ್ಲೇ ಇಂಜಿನ್ನಿನ ಕಾವು. ಪೆಟ್ರೋಲು ದಾರಿಯಲ್ಲೇ ಆವಿಯಾಗುತ್ತದೆ. ದ್ರವ ಎಳೆಯಲೆಂದು ಹುಟ್ಟಿದ ಪಂಪು ಆವಿಯನ್ನು ಸುಮ್ಮನೆ ಹಿಂಡುತ್ತ ಕೂರುತ್ತದೆ. ಇದರ ಕುಚೋದ್ಯವೆಂದರೆ, ಓಡುವಾಗ ಸರಿಯಿದ್ದ ಕಾರು ಹಾಸನದಲ್ಲಿ ದೋಸೆ ತಿಂದು ಬಂದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಇಂಜಿನ್ ನಿಲ್ಲಿಸಿದ ಕೂಡಲೇ ಫ್ಯಾನೂ ನಿಲ್ಲುತ್ತದೆ, ನೀರಿನ ಓಡಾಟವೂ ನಿಲ್ಲುತ್ತದೆ, ಒಳಗಿನ ಬಿಸಿಯೆಲ್ಲ ಪಂಪಿನ ಮೇಲೆ ಬಂದು ಕೂರುತ್ತದೆ. ಎರಡನೇ ಕಾಫಿ ಹೇಳಿದವರು ಇದಕ್ಕೆ ನೇರ ಹೊಣೆ.

ಪರಿಹಾರದಲ್ಲಿ ಎರಡು ಪಂಥ. ಒದ್ದೆಬಟ್ಟೆ ಪಂಥದವರು ಪಂಪಿಗೆ ನೀರಲ್ಲಿ ಅದ್ದಿದ ಬಟ್ಟೆ ಸುತ್ತುತ್ತಾರೆ. ಮಣ್ಣಿನ ಹೂಜಿ ನೀರನ್ನು ತಣಿಸುವಂತೆಯೇ ಆರುವ ನೀರು ಕಾವನ್ನು ಒಯ್ಯುತ್ತದೆ. ಭೌತಶಾಸ್ತ್ರ ಇವರ ಪರವಾಗಿದೆ. ಬಟ್ಟೆ ಒಣಗುವುದು ಮಾತ್ರ ಇವರಿಗೆ ವಿರೋಧವಾಗಿದೆ. ಸುಧಾರಣಾವಾದಿಗಳು ಟ್ಯಾಂಕಿನ ಹತ್ತಿರ ಪುಟ್ಟ ಎಲೆಕ್ಟ್ರಿಕ್ ಪಂಪು ಕೂರಿಸಿ, ಪೆಟ್ರೋಲನ್ನು ಎಳೆಯುವ ಬದಲು ಹಿಂದಿನಿಂದ ತಳ್ಳಬೇಕೆನ್ನುತ್ತಾರೆ. ಒತ್ತಡದಲ್ಲಿರುವ ಪೆಟ್ರೋಲು ಬೇಗ ಕುದಿಯದು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆ ಕಾರಿಗೆ ಮೈಲಿಗೆ ಎಂದು ಮಡಿವಂತರ ತಕರಾರು. ಈ ಪ್ರಬಂಧದ ನಿರ್ಣಯ ಸುಧಾರಣಾವಾದಿಗಳ ಪರ. ಷರತ್ತು ಇಷ್ಟೇ: ಪಂಪು ಕಾರ್ಬುರೇಟರಿಗೆ ತಕ್ಕ ಕಡಿಮೆ ಒತ್ತಡದ್ದಾಗಿರಬೇಕು. ಇಂಜೆಕ್ಷನ್ ಕಾರಿನ ಪಂಪು ಹಾಕಿದರೆ ಪೆಟ್ರೋಲು ಉಕ್ಕಿ ಬಾನೆಟ್ಟಿನಡಿ ಹೋಮವೇ ನಡೆದೀತು. ಅಪಘಾತವಾದರೆ ಪಂಪು ತಾನಾಗಿ ನಿಲ್ಲುವ ಸ್ವಿಚ್ಚೂ ಬೇಕು.

ಪೆಟ್ರೋಲಿನ ಪ್ರಸ್ತಾಪ ಬಂದದ್ದರಿಂದ ಕಲಿಯುಗದ ಲಕ್ಷಣಗಳನ್ನೂ ಹೇಳಬೇಕು. 2000ನೇ ಇಸವಿಯ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೆಯ ಇಂಜಿನ್ನಿನ ವಾಲ್ವ್ ಸೀಟುಗಳಿಗೆ ಆ ಸೀಸವೇ ಮೆತ್ತೆಯಾಗಿತ್ತು. ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಕೂರಿಸಿಕೊಳ್ಳುವುದು ಜಾಣತನ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದು. ಎಥನಾಲಿಗೆ ಹಳೆ ರಬ್ಬರಿನ ಮೇಲೆ ವೈರ, ನೀರಿನ ಮೇಲೆ ಮೋಹ. ಪಂಪಿನ ಡಯಾಫ್ರಾಮು, ಪೈಪು ಎಲ್ಲವೂ ಎಥನಾಲ್ ತಡೆಯುವ ಜಾತಿಯವಾಗಬೇಕು. ಟ್ಯಾಂಕಿನ ತಳದಲ್ಲಿ ದಶಕಗಳಿಂದ ಕೂತ ಕೊಳೆಯನ್ನೂ ಅದು ಎಬ್ಬಿಸಿ ಕಾರ್ಬುರೇಟರಿನ ಜೆಟ್ಟಿಗೆ ಕಳಿಸುವುದರಿಂದ ನಡುವೆ ಒಂದು ಪಾರದರ್ಶಕ ಫಿಲ್ಟರ್ ಇರಲಿ.

ಡಿಕ್ಕಿಯಲ್ಲಿ ಏನಿರಬೇಕೆಂಬುದು ದೊಡ್ಡ ವಿಷಯವಲ್ಲ. ಫ್ಯಾನ್ ಬೆಲ್ಟು, ಹೋಸು, ಪಾಯಿಂಟು, ನೀರು, ಗಾಳಿಯಿರುವ ಸ್ಟೆಪ್ನಿ. ಪಾಯಿಂಟಿನ ಗ್ಯಾಪು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ಗೇಜು ಮರೆತವರಿಗೆ ಮದುವೆಯಲ್ಲಿ ಸಿಕ್ಕ ದಪ್ಪ ವಿಸಿಟಿಂಗ್ ಕಾರ್ಡೇ ಗೇಜು. ಪಾಯಿಂಟಿನ ಜೊತೆಗಾರ ಕಂಡೆನ್ಸರ್ ವಿಷಯದಲ್ಲಿ ಮಾತ್ರ ಹೊಸತನ್ನು ನಂಬಬಾರದು. ಅದು ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದಾಗ ಕೈಕೊಡುವ ವಸ್ತು. ಓಡಿಸಿ ನೋಡಿದ್ದೊಂದನ್ನು ಜೋಪಾನವಾಗಿ ಇಟ್ಟುಕೊಂಡವನಿಗೆ ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಜೆ.ಸಿ. ರಸ್ತೆಯಿಂದ ದೂರದಲ್ಲಿ ಹಳೇ ಗಂಡನ ಪಾದವೇ ಗತಿ ಎಂಬ ಗಾದೆಯ ಅರ್ಥ ತಿಳಿಯುತ್ತದೆ.

ಘಾಟಿ ಇಳಿಯುವ ವಿಧಿ: ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಕಾರಿನಲ್ಲಿ ಪೆಡಲ್ ಒತ್ತಿಕೊಂಡೇ ಇಳಿದರೆ ಡ್ರಮ್ಮು ಕಾದು ಹಿಡಿತ ಸಡಿಲಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಸ್ವಭಾವದ್ದು. ಡಾಟ್ 3 ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿ ತನಕ ಕುದಿಯದು, ನೀರು ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಆಗ ಪೆಡಲು ನೆಲಕ್ಕೆ, ಜೀವ ಬಾಯಿಗೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಒಂದು ಬಂಪರಿನ ಕ್ರೋಮಿನ ಮುಂದೆ ಏನೂ ಅಲ್ಲ.

ಕೊನೆಯದು ಧರ್ಮಶಾಸ್ತ್ರದ ತೊಡಕು. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, 50 ವರ್ಷ ದಾಟಿ ಮೂಲರೂಪ ಕೆಡದ ಕಾರನ್ನು 20,000 ರೂ. ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು. ಫಲಕದಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ಹಾಗೆ ನೋಂದಾಯಿತವಾದ ಕಾರು ರಸ್ತೆಗಿಳಿಯಬೇಕಾದರೆ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ, ಇಂಥ ಕಾರಣವೇ ಬೇಕು. ಮಂಗಳೂರಿನ ಮದುವೆ ಪ್ರದರ್ಶನದ ವ್ಯಾಪ್ತಿಗೆ ಬರುತ್ತದೆಯೇ? ಬರುತ್ತದೆ ಎಂದು ಒಡವೆ ನೋಡಿದವರು, ಇಲ್ಲ ಎಂದು ಸಾರಿಗೆ ಕಚೇರಿ. ಜಗಳವಾಡದೆ ಪಾರಾಗುವ ದಾರಿ ತೋರಿದವರು ಗ್ಯಾರೇಜಿನ ಮೇಸ್ತ್ರಿಗಳು: ಯಾರಾದರೂ ತಡೆದರೆ ರಿಪೇರಿಗೆ ಒಯ್ಯುತ್ತಿದ್ದೇವೆ ಎನ್ನಿ, ಕಾರು ನೋಡಿದ ಯಾವ ಪೊಲೀಸಪ್ಪನೂ ಎರಡನೇ ಪ್ರಶ್ನೆ ಕೇಳುವುದಿಲ್ಲ.