ಟಂಟಂನೊಳಗೆ ಟಿಂಬಕ್ಟು

ಪುಕ್ಕಟೆ ಕೊಡುವುದರಲ್ಲಿ ನಮ್ಮ ಕಡೆಯವರ ಕೈ ದೊಡ್ಡದು. ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ಕೆಮ್ಮಿ ನೋಡಿ. ಮೂರು ಮನೆಮದ್ದು, ಒಬ್ಬ ಡಾಕ್ಟರ ವಿಳಾಸ, ಹರಕೆ ಹೊರಲು ಒಂದು ದೇವರು, ಎಲ್ಲ ನಿಂತಲ್ಲೇ ಸಿಗುತ್ತವೆ. ನಾನು ಕೊಡುವುದು ಹಾಡು. ಅದೂ ನಮ್ಮ ಕಡೆ ಯಾರೂ ಕೇಳಿರದ ಹಾಡು: ಮಾಲಿ ದೇಶದ್ದು, ಕೇಪ್ ವರ್ಡ್ ದ್ವೀಪದ್ದು, ಮಂಗೋಲಿಯಾದ ಗಡಿಗೆ ಹತ್ತಿರುವ ತುವಾದ್ದು. ಮದ್ದು ಬೇಡವೆಂದರೆ ಕೊಡುವವರು ಸುಮ್ಮನಾಗುತ್ತಾರೆ. ಹಾಡು ಬೇಡವೆಂದರೆ ನಾನು ಸುಮ್ಮನಾಗುವುದಿಲ್ಲ. ನನ್ನನ್ನು ದೂರದಿಂದಲೇ ಕಂಡು, ಬಾರದ ಫೋನನ್ನು ಕಿವಿಗೆ ಹಚ್ಚಿಕೊಂಡು "ಹಾ, ಹಾ, ಬಂದೆ" ಎನ್ನುತ್ತ ಅಡ್ಡದಾರಿ ಹಿಡಿಯುವ ಗೆಳೆಯರು ನನಗಿದ್ದಾರೆ.

2016ರಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ನನ್ನ ಈ ಚಟ ಕೈಮೀರಿತು. ಅದಕ್ಕೂ ಮುಂಚೆ ಹೊಸ ಹಾಡು ಬೇಕೆಂದರೆ ಮೊಬೈಲ್ ಅಂಗಡಿಗೆ ಹೋಗಬೇಕಿತ್ತು. ಮೆಮರಿ ಕಾರ್ಡು, ಜೊತೆಗೆ ಒಂದಿಷ್ಟು ರೊಕ್ಕ ಕೊಟ್ಟು "ಹಾಡ ತುಂಬಪಾ" ಎಂದರೆ, ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಸುರಿದುಬಿಡುತ್ತಿದ್ದ. ಶರೀಫರ ಪದ, ಅದರ ಬೆನ್ನಿಗೆ ಡಿಜೆ ರೀಮಿಕ್ಸು, ಆಮೇಲೆ ಶನಿಮಹಾತ್ಮೆ, ನಡುವೆ ಎಲ್ಲಿಂದಲೋ ಬಂದು ಸೇರಿಕೊಂಡ ಅರಬ್ಬಿ ಹಾಡು. ಸಹಾರಾ ಮರುಭೂಮಿಯಲ್ಲೂ ಇದೇ ವ್ಯವಹಾರವಿತ್ತು. ಕ್ರಿಸ್ಟೋಫರ್ ಕಿರ್ಕ್ಲಿ ಎಂಬ ಅಮೆರಿಕದವನು ಉತ್ತರ ಮಾಲಿಯ ಕಿಡಾಲ್ ಊರಿನಲ್ಲಿ ಜನರ ಮೆಮರಿ ಕಾರ್ಡುಗಳಿಂದ ಹಾಡು ಹೆಕ್ಕಿ, 'ಸಹಾರಾದ ಸೆಲ್‌ಫೋನುಗಳ ಸಂಗೀತ' ಎಂದೇ ಸಂಕಲನ ಹೊರತಂದ. ಅದೇ ಸೀಮೆಯ ತಿನಾರಿವೆನ್ ತಂಡದವರು 1980ರ ದಶಕದಲ್ಲಿ, ಖಾಲಿ ಕ್ಯಾಸೆಟ್ ತಂದವರಿಗೆಲ್ಲ ದುಡ್ಡಿಲ್ಲದೆ ಹಾಡು ತುಂಬಿಕೊಡುತ್ತಿದ್ದರು. ಆ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ದಾಟಿ ಮರುಭೂಮಿಯೆಲ್ಲ ಸುತ್ತಿದವು. 2012ರಲ್ಲಿ ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ನಮ್ಮ ಅಂಗಡಿಯ ಹುಡುಗನಿಗೆ ಬಂದದ್ದು ಬೈಗುಳ. ಹಾಡಿನ ಜೊತೆ ವೈರಸ್ಸನ್ನೂ ತುಂಬಿಕೊಟ್ಟಿದ್ದನಂತೆ.

ಈಗ ಹಾಡಿಗೆ ಬರವಿಲ್ಲ, ಕಿವಿಗೆ ಬರ. ಆದ್ದರಿಂದ ನಾನು ಎದ್ದುಹೋಗಲು ಆಗದವರನ್ನೇ ಹುಡುಕುತ್ತೇನೆ. ಓಡುವ ಟಂಟಂನಲ್ಲಿ ಕೂತವರಿಗಿಂತ ಒಳ್ಳೆಯ ಶ್ರೋತೃಗಳು ಯಾವ ಸಂಗೀತಸಭೆಗೂ ಸಿಗಲಾರರು. ಒಮ್ಮೆ ಸವಣೂರಿನಿಂದ ಶಿಗ್ಗಾಂವಿಗೆ ಹೊರಟಾಗ ಡ್ರೈವರನಿಗೆ ದುಂಬಾಲು ಬಿದ್ದು ಮಾಲಿಯ ಅಲಿ ಫಾರ್ಕಾ ತೂರೆಯ ಗಿಟಾರು ಹಚ್ಚಿಸಿದೆ. 'ಟಾಕಿಂಗ್ ಟಿಂಬಕ್ಟು' ಎಂಬ 1994ರ ಆಲ್ಬಂ. ನಮ್ಮ ವಿಶ್ವಮೋಹನ ಭಟ್ಟರ ಜೊತೆ ನುಡಿಸಿದ ಅದೇ ರೈ ಕೂಡರ್ ಇದರಲ್ಲೂ ಇದ್ದಾನೆ ಎಂದು ವಿವರಿಸತೊಡಗಿದ್ದೆ. ವೀಳ್ಯದೆಲೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಅಜ್ಜಿ ತಡೆದಳು.

"ಇದ್ಯಾವೂರ ಭಜನಿ ತಮ್ಮಾ?"

"ಟಿಂಬಕ್ಟು ಕಡೇದಬೇ ಯವ್ವಾ."

"ಬಂಕಾಪುರದಿಂದ ಆಚಿಗೋ, ಈಚಿಗೋ?"

"ಆಚಿಗೆ."

"ಅದಕ್ಕ ಗೊತ್ತಾಗಲಿಲ್ಲ ಬಿಡು. ನಾ ಬಂಕಾಪುರ ದಾಟಿಲ್ಲ."

ಹಾಡಿದವನು ಒಕ್ಕಲುತನ ಮಾಡುತ್ತಿದ್ದ, 2004ರಲ್ಲಿ ತನ್ನೂರು ನಿಯಾಫುಂಕೆಗೆ ಮೇಯರ್ ಕೂಡ ಆದ ಎಂದೆ. ಅಜ್ಜಿ ಸ್ವಲ್ಪ ಯೋಚಿಸಿ, "ಹೊಲಾನೂ ಐತಿ, ಊರ ಉಸಾಬರೀನೂ ಐತಿ. ಮತ್ತ ಹಾಡಾಕ ಹೊತ್ತ ಹ್ಯಾಂಗ ಸಿಗತಿತ್ತು? ಅವನ ಹೇಂತಿ ಪಾಪ ಭಾಳ ಗಟ್ಟಿ ಇರಬೇಕು" ಎಂದಳು. ಆತನ ಮೇಲೆ ಇಂಥ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಹಾಡು ಮುಗಿಯುತ್ತಲೇ ಡ್ರೈವರ್ "ಸರ್ರ, ನಿಮ್ಮದು ಆತಲ್ರಿ, ಈಗ ನಮ್ಮದು ಕೇಳ್ರಿ" ಎಂದು ಹೋರಿ ಹಾಡು ಹಚ್ಚಿದ. ನ್ಯಾಯವಾದ ಲೆಕ್ಕವೇ. ಹಾನಗಲ್ಲು, ಹಿರೇಕೆರೂರು ಸೀಮೆಯಲ್ಲಿ ದೀಪಾವಳಿಯಿಂದಾಚೆ ಹೋರಿ ಓಡಿಸುವ ಹಬ್ಬ. ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿಗೆ ಹೆಸರಿರುತ್ತದೆ, ಅಭಿಮಾನಿ ಬಳಗವಿರುತ್ತದೆ, ಈಗೀಗ ಸ್ಟುಡಿಯೊದಲ್ಲಿ ಮಾಡಿಸಿದ ಸ್ವಂತ ಹಾಡೂ ಇರುತ್ತದೆ. ಜೀವಮಾನವೆಲ್ಲ ಪಾಠ ಹೇಳಿ ನಿವೃತ್ತನಾದ ನನಗೆ ಸಿಕ್ಕಿದ್ದು ಒಂದು ಶಾಲು, ಒಂದು ಗೋಡೆಗಡಿಯಾರ. ಹೋರಿಯ ಹಾಡಿನಲ್ಲಿ ತಾಳ ಎಷ್ಟು ಜೋರಿತ್ತೆಂದರೆ ಬುಟ್ಟಿಯ ಎಲೆಯೂ ಕುಣಿಯುತ್ತಿತ್ತು. ಅಜ್ಜಿ ಅದಕ್ಕೇನೂ ತಕರಾರು ಎತ್ತಲಿಲ್ಲ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳನ್ನು ನೋಡದವರು ನೋಡಿ ಬರಬೇಕು. ಹಲವರು ಕೈಕೈ ಹಿಡಿದು ನಿಂತರೆ ಮಾತ್ರ ತಬ್ಬಬಹುದಾದ ಈ ಬಾವೋಬಾಬ್ ಮರಗಳ ಮೂಲ ಆಫ್ರಿಕಾ. ಸೆನೆಗಲ್ಲಿನ ಡಾಕರ್ ನಗರದಲ್ಲಿ 1970ರಲ್ಲಿ ಹುಟ್ಟಿದ 'ಆರ್ಕೆಸ್ಟ್ರಾ ಬಾವೋಬಾಬ್' ಎಂಬ ತಂಡವೇ ಇದೆ. ಕ್ಯೂಬಾದ ಕುಣಿತದ ಲಯಕ್ಕೆ ಆಫ್ರಿಕಾದ ಕಂಠ. ಅವರ ಹಾಡನ್ನು ಆ ಮರದ ಕೆಳಗೇ ಕೇಳಬೇಕೆಂದು ನನ್ನ ಸೋದರಮಾವನನ್ನು ಎಳೆದುಕೊಂಡು ಹೋದೆ. ಮೊಬೈಲು ಹಚ್ಚಿಟ್ಟು, ಸೆನೆಗಲ್ಲಿನಲ್ಲಿ ಹಿಂದೆ ಹಾಡುಗಾರರು ಸತ್ತರೆ ಮಣ್ಣು ಮಾಡದೆ ಈ ಮರದ ಪೊಟರೆಯಲ್ಲಿ ಇಡುತ್ತಿದ್ದರು ಎಂದೂ ತಿಳಿಸಿದೆ. ಮಾವ ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದ. "ಹಾಡೋರಿಗೆ ಮರ ಸರಿ. ಹಿಂಗ ಕಂಡಕಂಡವರಿಗೆ ಕೇಳಸೋರನ್ನ ಎಲ್ಲಿ ಇಡತಿದ್ರು, ವಿಚಾರಿಸು."

ತುವಾದವರ ಹಾಡಿಗೂ ಮಾವನದು ಅದೇ ಧಾಟಿ. ಅಲ್ಲಿನ ಹಾಡುಗಾರ ಒಂದೇ ಗಂಟಲಿನಿಂದ ಏಕಕಾಲಕ್ಕೆ ಎರಡು ಸ್ವರ ಹೊರಡಿಸುತ್ತಾನೆ. ಕೆಳಗೆ ಗೊಗ್ಗರು ದನಿ, ಮೇಲೆ ಸಿಳ್ಳು. ಮಾವ ಕಣ್ಣು ಮುಚ್ಚಿ ಕೇಳಿ, "ಅರಿಷಿಣ ಹಾಲು ಕುಡಿಸಿದ್ರ ಕಡಿಮಿ ಆಕ್ಕಿತ್ತು" ಎಂದ. ಇಂಥ ಗಂಟಲಿಗೆ ಮಾವ ತುವಾದತ್ತ ನೋಡಬೇಕಾಗಿಯೂ ಇಲ್ಲ. ಹಾನಗಲ್ಲಿನ ನೆರೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನವರ ನೆಲೆಯಿದೆ. ಅಲ್ಲಿಯ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು ಪಾತಾಳದಿಂದ ಎಬ್ಬಿಸಿದಂಥ ದನಿಯಲ್ಲಿ ಮಂತ್ರ ಹೇಳುತ್ತಾರೆ, ಅಮೆರಿಕದ ವೇದಿಕೆಗಳಲ್ಲೂ ಹೇಳಿ ಬಂದಿದ್ದಾರೆ. ಅವರನ್ನು ಕೇಳಲು ಅಲ್ಲಿಯ ಜನ ಟಿಕೆಟ್ ಕೊಳ್ಳುತ್ತಾರೆ. ನಾವು ಮುಂಡಗೋಡಕ್ಕೆ ಹೋದರೆ ಸ್ವೆಟರ್ ಕೊಳ್ಳುತ್ತೇವೆ.

ಹೊರಗಿನ ನಾದಕ್ಕೆ ನಮ್ಮ ಸೀಮೆ ಯಾವತ್ತೂ ಬಾಗಿಲು ಹಾಕಿದ್ದಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣಿರಲಿಲ್ಲ. ಹಿಂದುಸ್ತಾನಿ, ಕರ್ನಾಟಕಿ ಎರಡೂ ಕಿವಿಯಿಂದಲೇ ಒಲಿದವು. ನಮ್ಮ ಪ್ರತಿ ಭಜನಾ ಮಂಡಳಿಯ ಪೇಟಿಯ ಮೂಲವಾದ ಹಾರ್ಮೋನಿಯಂ ಪ್ಯಾರಿಸ್ಸಿನಲ್ಲಿ 1840ರ ದಶಕದಲ್ಲಿ ಪೇಟೆಂಟ್ ಆದದ್ದು. ಪರದೇಶದ ವಾದ್ಯವೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಗುಡಿಯ ಕಟ್ಟೆಯ ಮೇಲಿದ್ದವರು ಆ ಆದೇಶಕ್ಕೆ ಕಿವಿಗೊಡದೆ ಬಾರಿಸುತ್ತಲೇ ಇದ್ದರು.

ಇನ್ನು ಕಿವಿಯ ಮಾತು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು 1889ರಲ್ಲಿ ತೀರಿಹೋದರು. ಅವರ ದನಿ ಯಾವ ಧ್ವನಿತಟ್ಟೆಯಲ್ಲೂ ಇಲ್ಲ. ಕೇಳಿದವರು ಮುಂದಿನ ಊರಿಗೆ ಬಾಯಲ್ಲೇ ಹೊತ್ತೊಯ್ದದ್ದರಿಂದ ಪದಗಳು ಉಳಿದವು. ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ, ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಗ್ರಾಮಫೋನಿನ ದನಿ ಕೇಳಿಸಿದರೆ ಸಾಕು, ಬೀದಿಗೆ ಓಡುತ್ತಿದ್ದರು. ಗದಗಿನ ಭೀಮಸೇನ ಜೋಶಿ ಅಂಗಡಿಯಲ್ಲಿ ಅಬ್ದುಲ್ ಕರೀಮ್ ಖಾನರ ರೆಕಾರ್ಡು ಕೇಳಿ, 1933ರಲ್ಲಿ ಮನೆಯನ್ನೇ ಬಿಟ್ಟು ಹೊರಟರು. ಇಂದು ನನ್ನ ಹಾಡು ಕೇಳಿದವರು ಬಿಟ್ಟು ಹೊರಡುವುದು ವಾಟ್ಸಾಪ್ ಗುಂಪನ್ನು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿನವರಾದರೂ ಸರಿ, ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳುವವರಿಗೆ ಚಹಾ ನನ್ನ ಖರ್ಚು. ನಿಮ್ಮ ಹೋರಿಯ ಹಾಡಿದ್ದರೆ ತನ್ನಿ, ನಾನೂ ಪೂರ್ತಿ ಕೇಳುತ್ತೇನೆ. ಚಹಾದ ಜೊತೆಗೆ ಸವಣೂರ ಖಾರಾನೂ ಬೇಕೆನ್ನುವವರು ತುವಾದ್ದನ್ನು ಕೇಳಬೇಕಾಗುತ್ತದೆ.