ದುಡ್ಡು ಕೊಟ್ಟು ಜಾಹೀರಾತು ಹಚ್ಚುವವರು

ಜಾಹೀರಾತು ಹಚ್ಚಿಸಿಕೊಂಡವರಿಗೆ ದುಡ್ಡು ಬರಬೇಕು, ಅದು ವ್ಯಾಪಾರದ ಧರ್ಮ. ಬಸ್ಸಿನ ಬೆನ್ನಾಗಲಿ ಆಟೋದ ಹಿಂಬದಿಯಾಗಲಿ, ಯಾವುದೂ ಪುಕ್ಕಟೆ ಸಿಗುವುದಿಲ್ಲ. ಬೆಂಗಳೂರಿನ ಇಂದಿರಾನಗರದಲ್ಲಿ ಮಾತ್ರ ಈ ಧರ್ಮಕ್ಕೆ ತಿರುಗಿ ನಿಂತ ಒಬ್ಬ ಗೃಹಸ್ಥರಿದ್ದಾರೆ. ಪ್ಲಾಸ್ಟಿಕ್ಕಿನ ರೇಸ್ ಕಾರು ಕಟ್ಟುವುದು ಅವರ ಹವ್ಯಾಸ. ಕಿಟ್ಟಿಗೆ ಒಂದಷ್ಟು ಸುರಿಯುತ್ತಾರೆ, ಅದರ ಮೇಲೆ ಅಂಟಿಸುವ ಕಂಪನಿಗಳ ಹೆಸರಿಗೆ ಇನ್ನಷ್ಟು ಸುರಿಯುತ್ತಾರೆ. ಆಮೇಲೆ ಯಾವುದೋ ಟಯರ್ ಕಂಪನಿಯ ಹೆಸರು ಕೂದಲೆಳೆಯಷ್ಟು ಸೊಟ್ಟಗೆ ಕೂತಿತೆಂದು ರಾತ್ರಿಯೂಟ ಬಿಡುತ್ತಾರೆ. ಟಯರ್ ಕಂಪನಿಗೆ ಈ ಸಂಗತಿ ಗೊತ್ತೇ ಇಲ್ಲ.

ಸೊಟ್ಟದ ಲೆಕ್ಕ ಸುಮ್ಮನೆ ಬಂದದ್ದಲ್ಲ. ಫಾರ್ಮುಲಾ ಒನ್ ಕಾರುಗಳಿಗೆ ಜಪಾನಿನ ತಾಮಿಯಾ ಕಂಪನಿ ರೂಢಿಗೆ ತಂದ ಅಳತೆಗಳಲ್ಲಿ 1:20 ಒಂದು. ನಾಲ್ಕೂವರೆ ಮೀಟರ್ ಉದ್ದದ ಕಾರು ಅದರಲ್ಲಿ ಇಪ್ಪತ್ತೆರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಧೂಳು ಇಳಿಯುವುದಿಲ್ಲ. ಹಲಸೂರು ಕೆರೆಯ ಕಡೆಯಿಂದ ಹಾರಿ ಬಂದು ಹಸಿ ಬಣ್ಣಕ್ಕೆ ಅಂಟಿದ ಒಂದು ಮಿಲಿಮೀಟರ್ ಕಸ, ನಿಜವಾದ ಕಾರಿನ ಬಾನೆಟ್ ಮೇಲೆ ಎರಡು ಸೆಂಟಿಮೀಟರಿನ ಜಲ್ಲಿಕಲ್ಲು ಕೂತಂತೆ ಕಾಣುತ್ತದೆ.

ಧೂಳು ಮಳೆಗಾಲದಲ್ಲಿ ಅಡಗುತ್ತದೆ, ಆದರೆ ಮಳೆಗಾಲಕ್ಕೆ ಅದರದೇ ಚಾಳಿ. ಸ್ಪ್ರೇ ಡಬ್ಬಿಯ ಲ್ಯಾಕರ್ ಬಣ್ಣದಲ್ಲಿರುವ ತಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣಗಾದ ಮೈ ಮೇಲೆ ಗಾಳಿಯ ತೇವ ಇಳಿದು, ಥಳಥಳಿಸಬೇಕಿದ್ದ ಬಣ್ಣ ಮಜ್ಜಿಗೆ ಚೆಲ್ಲಿದಂತೆ ಮಬ್ಬಾಗುತ್ತದೆ. ಹೀಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಮನೆಯಲ್ಲಿ ಹವಾಮಾನ ವರದಿಯನ್ನು ಬೇಸಾಯಗಾರರಿಗಿಂತ ಶ್ರದ್ಧೆಯಿಂದ ಕೇಳುತ್ತಾರೆ. ಬಿಸಿಲು ಇಣುಕಿತೋ, ಡಬ್ಬಿ ಉಗುರುಬೆಚ್ಚಗಿನ ನೀರಿಗೆ ಇಳಿಯುತ್ತದೆ. ಒಳಗಿನ ಒತ್ತಡ ತುಸು ಏರಿದರೆ ಬಣ್ಣ ನುಣ್ಣಗೆ ಹೊಮ್ಮುತ್ತದೆ. ಒಲೆಯ ಹತ್ತಿರ ಒಯ್ದರೆ ಡಬ್ಬಿಯೇ ಸಿಡಿಯಬಹುದು.

“ರೀ, ಹಾಲಿನ ಪಾತ್ರೆಯಲ್ಲಿ ಅದೇನದು?”

“ಸ್ವಲ್ಪ ಬೆಚ್ಚಗಾಗಲಿ ಅಂತ ಇಟ್ಟಿದ್ದೀನಿ ಕಣೇ. ನೀರು ಅಷ್ಟೇ.”

“ಹಾಗಾದ್ರೆ ನಾಳೆಯಿಂದ ನಿಮ್ಮ ಕಾಫಿನೂ ಅದರಲ್ಲೇ.”

ಬಣ್ಣ ಮುಗಿದರೆ ಡೆಕಾಲ್. ಗೋಂದಿನ ಲೇಪದ ಕಾಗದ, ಅದರ ಮೇಲೆ ತೆಳು ಪೊರೆ, ಪೊರೆಯಲ್ಲಿ ಅಚ್ಚು. ನೀರಿನಲ್ಲಿ ನೆನೆಸಿದರೆ ಗೋಂದು ಕರಗಿ ಪೊರೆ ಜಾರುತ್ತದೆ. ಅದನ್ನು ಕುಂಚದ ತುದಿಯಿಂದ ಕಾರಿನ ಮೇಲೆ ಸರಿಸಬೇಕು. ಮೈ ಮೊದಲೇ ಹೊಳಪಾಗಿರಬೇಕು. ಒರಟು ಬಣ್ಣದ ತಗ್ಗುಗಳಲ್ಲಿ ಗಾಳಿ ಸಿಕ್ಕಿಬಿದ್ದರೆ ಪೊರೆಯಡಿ ಬೆಳ್ಳಗೆ ಮಿನುಗಿ ಗುಟ್ಟು ರಟ್ಟಾಗುತ್ತದೆ. ಉಬ್ಬುತಗ್ಗು ಇರುವಲ್ಲಿ ಪೊರೆಯನ್ನು ಮೆದುಗೊಳಿಸುವ ದ್ರಾವಣ ಸವರುತ್ತಾರೆ. ಸವರಿದ ಕೂಡಲೇ ಡೆಕಾಲ್ ಮುದುಡಿ ಸುಕ್ಕಾಗಿ ಪ್ರಾಣ ಬಿಟ್ಟಂತೆ ಕಾಣುತ್ತದೆ. ಆಗ ಮುಟ್ಟಬಾರದು. ಮುಟ್ಟದಿದ್ದರೆ ತಾನಾಗಿಯೇ ಚಪ್ಪಟೆಯಾಗಿ ಕೂರುತ್ತದೆ. ಮುಟ್ಟದೆ ಇರುವುದೇ ಇಡೀ ಕಸುಬಿನ ಕಷ್ಟದ ಭಾಗ.

ಇದೇ ವಿದ್ಯೆ ಶಿವಾಜಿನಗರದ ರೇಡಿಯಂ ಕಟಿಂಗ್ ಅಂಗಡಿಗಳ ಮುಂದೆ ಬೀದಿಯಲ್ಲೇ ನಡೆಯುತ್ತದೆ. ಹುಡುಗ ಸೋಪಿನ ನೀರು ಚಿಮುಕಿಸಿ, ಸ್ಟಿಕರ್ ಇಟ್ಟು, ಸರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ನೀರನ್ನೂ ಗಾಳಿಯನ್ನೂ ಒರೆಸಿ ಹಾಕುತ್ತಾನೆ. ಆಟೋದವರ ಟೀ ಮುಗಿಯುವಷ್ಟರಲ್ಲಿ ಶಂಕರ್‌ನಾಗ್ ಗಾಜಿನ ಮೇಲೆ ನಗುತ್ತಿರುತ್ತಾರೆ. ಇಂಥವರಿಗೆ ನಮ್ಮ ಗೃಹಸ್ಥರು ಎರಡು ಮಿಲಿಮೀಟರ್ ಎತ್ತರದ ಅಕ್ಷರ ಕತ್ತರಿಸಿಕೊಡಿ ಅಂದರೆ, “ಸಾರ್, ಸ್ವಲ್ಪ ದೊಡ್ಡದು ಮಾಡೋಣ, ಇಷ್ಟು ಚಿಕ್ಕದು ಯಾರು ಓದ್ತಾರೆ?” ಎನ್ನುವುದು ನ್ಯಾಯವೇ. ಅದಲ್ಲದೆ ರೇಡಿಯಂ ಹಾಳೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಇದ್ದರೂ, ಇಪ್ಪತ್ತು ಪಟ್ಟು ಲೆಕ್ಕ ಹಾಕಿದರೆ ಎರಡು ಮಿಲಿಮೀಟರಿನ ತಗಡು ಬಡಿದಂತಾಗುತ್ತದೆ.

ಉಳಿದ ದಾರಿ ಮನೆಯಲ್ಲೇ ಡೆಕಾಲ್ ಅಚ್ಚು ಹಾಕುವುದು. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಎಂದರೆ ಅದಕ್ಕೆ ಕಾಗದದಲ್ಲಿ ಖಾಲಿ ಬಿಟ್ಟ ಜಾಗ. ಪಾರದರ್ಶಕ ಪೊರೆಯ ಮೇಲೆ ಅಚ್ಚಾದ ಬಣ್ಣ ಕಪ್ಪು ಕಾರಿನ ಮೇಲೆ ಮಾಯವಾಗುತ್ತದೆ. ವಾರ್ನಿಶ್ ಹೊಡೆಯದೆ ನೀರಿಗಿಟ್ಟರೆ ಶಾಯಿಯೂ ಹೊರಟುಹೋಗುತ್ತದೆ. ಹಾಗಾಗಿ ಬಿಳಿ ಕಾರೇ ಆಗಬೇಕು. ಬೆಂಗಳೂರಿನವರಿಗೆ ಅಂಥದ್ದೊಂದು ಸಿಕ್ಕೇಬಿಟ್ಟಿತು.

2007ರಲ್ಲಿ ವಿಜಯ್ ಮಲ್ಯ ಮತ್ತು ಡಚ್ ಉದ್ಯಮಿ ಮಿಖಿಲ್ ಮೋಲ್ ಸೇರಿ ಸ್ಪೈಕರ್ ಎಂಬ ಫಾರ್ಮುಲಾ ಒನ್ ತಂಡ ಕೊಂಡರು. 2008ರಲ್ಲಿ ಅದು ಫೋರ್ಸ್ ಇಂಡಿಯಾ ಆಯಿತು. ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿದ್ದರೂ ಮೈ ಮೇಲೆ ಕೂತ ಮಲ್ಯರ ಬಿಯರಿನ ಕಿಂಗ್‌ಫಿಷರ್ ನಮ್ಮೂರಿನ ಹಕ್ಕಿ. 2009ರ ವಿಜೆಎಂ02 ಕಾರು ಬಿಳಿ ಮೈಗೆ ಕೇಸರಿ ಹಸಿರು ಬಳಿದುಕೊಂಡು ಬಂತು. ಆ ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು, ಫೆರಾರಿಯ ಕಿಮಿ ರೈಕೊನೆನ್‌ಗೆ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಸೋತರು. ಫೋರ್ಸ್ ಇಂಡಿಯಾ ಹೆಸರಿನಲ್ಲಿ ತಂಡಕ್ಕೆ ಅದೇ ಮೊದಲ ಅಂಕ. ಆ ಕಾರನ್ನು ಕಪಾಟಿನಲ್ಲಿ ಇಡದೆ ಇರುವುದು ಹೇಗೆ?

ಇಟ್ಟ ಮೇಲೆ ತೊಂದರೆ ಶುರು. 2011ರ ಅಕ್ಟೋಬರ್‌ನಲ್ಲಿ ಸಹಾರಾ ಕಂಪನಿ ತಂಡದಲ್ಲಿ ಪಾಲು ಕೊಂಡು ಹೆಸರಿನ ಮುಂದೆ ಕೂತಿತು, ಹೊಸ ಡೆಕಾಲ್. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು. 2015ರಲ್ಲಿ ಕಾರು ಬೆಳ್ಳಿ ಕಪ್ಪಾಯಿತು. 2017ರ ಫೆಬ್ರವರಿಯಲ್ಲೂ ಬೆಳ್ಳಿಯನ್ನೇ ತೋರಿಸಿದರು. ನಂಬಿದವರು ಬೆಳ್ಳಿ ಡಬ್ಬಿ ಕೊಂಡರು. ಮಾರ್ಚಿನಲ್ಲಿ ಪೂರ್ತಿ ಗುಲಾಬಿ! ನೀರು ಶುದ್ಧಿ ಮಾಡುವ ಬಿಡಬ್ಲ್ಯುಟಿ ಎಂಬ ಆಸ್ಟ್ರಿಯದ ಕಂಪನಿ ದುಡ್ಡು ಹಾಕಿತ್ತು. ಬಿಯರಿನಿಂದ ಹೊರಟ ತಂಡ ನೀರಿಗೆ ಬಂದು ನಿಂತದ್ದು ಪಾನನಿರೋಧ ಪ್ರಚಾರಕರ ಕಣ್ಣಿಗೆ ಬೀಳಲಿಲ್ಲ.

ಈ ತಂಡದ ಪೂರ್ವಾಶ್ರಮವೂ ಕಡಿಮೆಯಲ್ಲ. ಮೂಲದಲ್ಲಿ ಅದು ಜೋರ್ಡನ್. ತಂಬಾಕು ಜಾಹೀರಾತು ನಿಷೇಧವಿದ್ದ ದೇಶಗಳಲ್ಲಿ ಬೆನ್ಸನ್ ಅಂಡ್ ಹೆಡ್ಜಸ್ ಬದಲು ‘ಬಜ್ಜಿನ್ ಹಾರ್ನೆಟ್ಸ್’ ಎಂದು ಬರೆದು ಮೂತಿಗೆ ಕಣಜದ ಚಿತ್ರ ಬಳಿದುಕೊಂಡಿತ್ತು. ಕಿಟ್ ಕಂಪನಿಗಳೂ ಸಿಗರೇಟಿನ ಹೆಸರನ್ನು ಡೆಕಾಲ್ ಹಾಳೆಯಿಂದ ಕೈಬಿಡುತ್ತ ಬಂದವು. ಒಂದು ಬೀಡಿಯನ್ನೂ ಸೇದದ ಸಜ್ಜನರು ಸಿಗರೇಟಿನ ಹೆಸರಿಗಾಗಿ ಪರದೇಶದಿಂದ ಬೇರೆ ಹಾಳೆ ತರಿಸುವುದು ಈ ಹವ್ಯಾಸದಲ್ಲಿ ಮಾತ್ರ.

2018ರಲ್ಲಿ ಫೋರ್ಸ್ ಇಂಡಿಯಾ ದಿವಾಳಿಯಾಗಿ ಕೈ ಬದಲಾಯಿತು, ರೇಸಿಂಗ್ ಪಾಯಿಂಟ್ ಆಯಿತು, 2021ರಲ್ಲಿ ಆಸ್ಟನ್ ಮಾರ್ಟಿನ್ ಎಂದು ಹಸಿರು ಬಳಿದುಕೊಂಡಿತು. ಮೈಕೆಲ್ ಶುಮಾಕರ್ 1991ರಲ್ಲಿ ಮೊದಲ ರೇಸ್ ಓಡಿಸಿದ ಜೋರ್ಡನ್ ಕೂಡ ಹಸಿರೇ.

“ಹಸಿರು ಡಬ್ಬಿ ಅರ್ಧ ಹಾಗೇ ಇದೆಯಲ್ರೀ, ಮತ್ತೆ ಯಾಕೆ ತರಿಸಿದ್ರಿ?”

“ಅದು ತೊಂಬತ್ತೊಂದರ ಹಸಿರು ಕಣೇ. ಇದು ಇಪ್ಪತ್ತೊಂದರದು.”