ಒಳ್ಳೇ ಕಾಲು ಯಾವುದು ಸಾರ್?

ನಮ್ಮ ಮನೆಯಲ್ಲಿ ಸದ್ಯಕ್ಕೆ ಒಳ್ಳೆಯ ಕಾಲು ಎಂದರೆ ನನ್ನ ಬಲಗಾಲು. ಮಳೆಗಾಲದವರೆಗೂ ಅದು ಕೆಟ್ಟ ಕಾಲಾಗಿತ್ತು. ಆಸ್ಪತ್ರೆಗೆ ಹೋಗಿ, ಟೈಟಾನಿಯಂ ಕಾಂಡ, ಸೆರಾಮಿಕ್ ಗುಂಡು, ಪ್ಲಾಸ್ಟಿಕ್ ಒಳಪದರದ ಬಟ್ಟಲು ಹಾಕಿಸಿಕೊಂಡು ಬಂದ ಮೇಲೆ ಅದಕ್ಕೆ ಬಡ್ತಿ ಸಿಕ್ಕಿತು. ಅಲ್ಲಿಯವರೆಗೆ ನನ್ನ ಭಾರವನ್ನೆಲ್ಲ ತಾನೊಂದೇ ಹೊತ್ತು, ಮೆಟ್ಟಿಲಿಗೂ ನಾನೇ ಮೊದಲು, ಬಸ್ಸಿಗೂ ನಾನೇ ಮೊದಲು ಎಂದು ಬೀಗುತ್ತಿದ್ದ ಎಡಗಾಲಿಗೆ ಹಿಂಬಡ್ತಿಯಾಗಿದೆ. ಅದರ ಆಪರೇಷನ್ನಿಗೂ ಡಾಕ್ಟರು ದಿನ ಗೊತ್ತು ಮಾಡಿದ್ದಾರೆ. ಹೀಗಾಗಿ ನಾನೀಗ ಎದ್ದು ಓಡಾಡಲು ಕಲಿಯುತ್ತಿರುವ ರೋಗಿಯೂ ಹೌದು, ಮಲಗಲು ಸಿದ್ಧನಾಗುತ್ತಿರುವ ರೋಗಿಯೂ ಹೌದು. ಯಾರಾದರೂ "ಈಗ ಹೇಗಿದೀರಿ ಮೇಷ್ಟ್ರೇ?" ಎಂದರೆ "ಯಾವ ಕಡೆ?" ಎಂದು ಕೇಳಬೇಕಾಗುತ್ತದೆ.

ಒಳ್ಳೇ ಕಾಲು, ಕೆಟ್ಟ ಕಾಲು ಎಂಬ ವಿಂಗಡಣೆ ನನ್ನದಲ್ಲ, ಫಿಸಿಯೋಥೆರಪಿಯವರದು. ಆಸ್ಪತ್ರೆಯಲ್ಲಿ ನನಗೆ ಮೆಟ್ಟಿಲು ಹತ್ತುವುದನ್ನು ಕಲಿಸಿದ ಹುಡುಗಿ ಧಾರವಾಡದ ಕಡೆಯವಳು. "ಹತ್ತೂವಾಗ ಚಲೋ ಕಾಲು ಮೊದಲ, ಇಳಿಯೂವಾಗ ಕೆಟ್ಟ ಕಾಲು ಮೊದಲ. ಚಲೋದು ಸ್ವರ್ಗಕ್ಕ, ಕೆಟ್ಟದ್ದು ನರಕಕ್ಕ. ಇಷ್ಟ ನೆನಪಿಡ್ರಿ ಸರ್" ಎಂದಳು. ಮನೆಯ ಮುಂದೆ ಕಾರಿನಿಂದ ಇಳಿಯುವವರೆಗೂ ನೆನಪಿತ್ತು. ಹೊಸ್ತಿಲಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಬಲಗಾಲಿಟ್ಟು ಒಳಗೆ ಬಾರೋ" ಎಂದಳು.

ಬಲಗಾಲು ಆಗಿನ್ನೂ ಹೊಲಿಗೆ ಹಾಕಿಸಿಕೊಂಡ ಕಾಲು. ಸ್ವರ್ಗಕ್ಕೆ ಮೊದಲು ಹೋಗಬೇಕಾದದ್ದು ಎಡಗಾಲು. ನಾನು ವಾಕರ್ ಹಿಡಿದುಕೊಂಡು ಶಾಸ್ತ್ರಕ್ಕೂ ಫಿಸಿಯೋಥೆರಪಿಗೂ ನಡುವೆ ನಿಂತೆ. ಹೆಂಡತಿ, "ಅತ್ತೆ, ಬಲಗಾಲು ಮೊದಲಿಟ್ಟು ಮುಗ್ಗರಿಸಿದರೆ ಇದೇ ಕಾರಲ್ಲಿ ವಾಪಸ್ ಹೋಗಬೇಕಾಗತ್ತೆ" ಎಂದಳು. ಅಮ್ಮ ಜಗ್ಗಲಿಲ್ಲ. ಕೊನೆಗೆ ಬಗೆಹರಿಸಿದವನು ಕಾರಿನ ಡ್ರೈವರು: "ಅಜ್ಜಿ, ಹೆಂಗೂ ವಾಕರ್ ತಾನೇ ಮೊದಲು ಒಳಗೆ ಹೋಗೋದು? ಅದಕ್ಕೆ ಎಡ-ಬಲ ಏನೈತೆ?" ಅಮ್ಮನಿಗೆ ಒಪ್ಪಿಗೆಯಾಯಿತು. ಆರತಿ ವಾಕರಿಗೂ ಸಂದಿತು. ಅದರ ಅಲ್ಯೂಮಿನಿಯಂ ಕೊಳವೆಯ ಮೇಲೆ ಆ ದಿನ ಇಟ್ಟ ಕುಂಕುಮದ ಗುರುತು ರಬ್ಬರ್ ಹಿಡಿಯ ಅಂಚಿಗೆ ಸೇರಿಕೊಂಡು ಇನ್ನೂ ಹಾಗೇ ಇದೆ.

ಎರಡನೆಯ ಆಪರೇಷನ್ನನ್ನು ಮನೆಯಲ್ಲಿ ಉತ್ಸಾಹದಿಂದ ಎದುರು ನೋಡುತ್ತಿರುವವಳು ಅಮ್ಮ ಒಬ್ಬಳೇ. "ಈ ಸಲ ಸರಿಹೋಗತ್ತೆ. ಎಡಗಾಲು ಕೆಟ್ಟದ್ದು ಅಂದ್ರೆ ಬಲಗಾಲೇ ಒಳ್ಳೇದು ಅಲ್ವೇನೋ?" ಎನ್ನುತ್ತಾಳೆ. ತೊಂಬತ್ತರ ಹತ್ತಿರವಿರುವ ಆಕೆ ಈಗಲೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವರೆಕಾಯಿ ಸುಲಿಯುತ್ತಾಳೆ. ಕೈ ಊರದೆ ಎದ್ದು ಹೋಗುತ್ತಾಳೆ. ನಾನು ಎರಡು ಇಟ್ಟಿಗೆ ಏರಿಸಿದ ಕುರ್ಚಿಯಲ್ಲಿ ಕೂತು ನೋಡುತ್ತೇನೆ. ಒಮ್ಮೆ ನಿಟ್ಟುಸಿರಿಟ್ಟು ಹೇಳಿದಳು: "ನಮ್ಮ ಕಾಲದಲ್ಲಿ ಈ ಹಿಪ್ಪು ಅನ್ನೋದೇ ಇರ್ಲಿಲ್ವಲ್ಲೋ."

ಮಾಡಬಾರದ್ದರ ಪಟ್ಟಿ ದೊಡ್ಡದು. ತೊಂಬತ್ತು ಡಿಗ್ರಿಗಿಂತ ಬಗ್ಗಬಾರದು, ಪಾದ ಒಳಕ್ಕೆ ತಿರುಗಿಸಬಾರದು. ಕಾಲ ಮೇಲೆ ಕಾಲು ಹಾಕಿ ಕೂರಬಾರದು. ರಿಟೈರಾದ ಮೇಲೆ ಮಾಡಬೇಕೆಂದು ನಾನು ಇಟ್ಟುಕೊಂಡಿದ್ದ ಕಾರ್ಯಕ್ರಮ ಅದೊಂದೇ ಆಗಿತ್ತು. ತಪ್ಪಿದರೆ ಗುಂಡು ಬಟ್ಟಲಿನಿಂದ ಜಾರುತ್ತದಂತೆ. ಇದರ ಪರಿಣಾಮ ಎಂಥದೆಂದರೆ, ಒಂದು ಸಂಜೆ ಟಿವಿಯ ರಿಮೋಟು ಕೈಜಾರಿ ನೆಲಕ್ಕೆ ಬಿತ್ತು. ಹೆಂಡತಿ, ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು. ರಿಮೋಟು ನನ್ನ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ, ಬ್ಯಾಟರಿ ಮುಚ್ಚಳ ಕಳಚಿಕೊಂಡು, ಮೇಲ್ಮುಖವಾಗಿ ಬಿದ್ದಿತ್ತು. ಅವರು ಬರುವ ಹೊತ್ತಿಗೆ ನಾನು ಧಾರಾವಾಹಿಯೊಂದನ್ನು ಪೂರ್ತಿ ನೋಡಿ, ಇನ್ನೊಂದರಲ್ಲಿ ಸೊಸೆ ವಿಷ ಬೆರೆಸಿದ ಪಾಯಸ ಯಾರ ಪಾಲಾಗುತ್ತದೋ ಎಂಬ ಹಂತಕ್ಕೆ ಬಂದಿದ್ದೆ. ಹೆಂಡತಿ ರಿಮೋಟು ಎತ್ತಿಕೊಟ್ಟಾಗ "ಇರು, ಈಗಲೇ ಚಾನೆಲ್ ಬದಲಿಸಬೇಡ" ಎಂದೆ.

ಇನ್ನು ಕೋಲಿನ ವಿಷಯ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು. ಕೋಲನ್ನು ನೋವಿರುವ ಕಾಲಿನ ಪಕ್ಕದ ಕೈಯಲ್ಲಲ್ಲ, ಆಚೆ ಕೈಯಲ್ಲಿ ಹಿಡಿಯಬೇಕು. ಇದು ಸನ್ನೆಯ ಪಾಠ. ಒಂಟಿಕಾಲಲ್ಲಿ ನಿಂತಾಗ ಸೊಂಟದ ಕೀಲೇ ಆನಿಕೆ. ಮೈಯ ಭಾರ ಅದರಿಂದ ಒಳಗಡೆ ದೂರದಲ್ಲಿ ಎಳೆಯುತ್ತದೆ, ಅದನ್ನು ಸರಿದೂಗಿಸುವ ಸ್ನಾಯು ಹೊರಗಡೆ ಹತ್ತಿರದಲ್ಲಿದೆ. ಹತ್ತಿರದ್ದು ಗೆಲ್ಲಬೇಕಾದರೆ ಹೆಚ್ಚು ಜೋರಿನಿಂದ ಎಳೆಯಬೇಕು. ಆ ಎರಡು ಎಳೆತವೂ ಬಂದು ಬೀಳುವುದು ಕೀಲಿನ ಮೇಲೆ. ಆದ್ದರಿಂದ ನಡೆಯುವಾಗ ಹೆಜ್ಜೆಹೆಜ್ಜೆಗೂ ನಮ್ಮ ಸೊಂಟ ನಮ್ಮ ತೂಕದ ಎರಡೂವರೆಯಿಂದ ಮೂರು ಪಟ್ಟು ಹೊರುತ್ತದೆ. ಆಚೆ ಕೈಯ ಕೋಲು ಮೈಭಾರವನ್ನು ದೂರದಿಂದ ಎತ್ತಿಹಿಡಿದು ಆ ಹೊರೆ ಇಳಿಸುತ್ತದೆ. ನಾನು 75 ಕೆ.ಜಿ. ಇದ್ದೇನೆ. ದಸರೆಯ ಚಿನ್ನದ ಅಂಬಾರಿ 750 ಕೆ.ಜಿ. ಆನೆಯ ಸ್ವಂತ ತೂಕ ಬಿಟ್ಟು, ಅಂಬಾರಿಯನ್ನು ಮಾತ್ರ ನಾಲ್ಕು ಕಾಲಿಗೆ ಹಂಚಿದರೆ ಒಂದೊಂದರ ಪಾಲಿಗೆ 190 ಕೆ.ಜಿ.ಗೂ ಕಡಿಮೆ. ಹಾಲು ತರಲು ಮೂಲೆಯಂಗಡಿಗೆ ಹೊರಟ ನನ್ನ ಒಂದು ಸೊಂಟದ ಮೇಲೆ ಕಡಿಮೆಯೆಂದರೂ ಅಷ್ಟು ಬೀಳುತ್ತದೆ. ಆನೆಗೆ ಜನ ಬೀದಿಯ ಎರಡು ಬದಿ ನಿಂತು ಕೈಮುಗಿಯುತ್ತಾರೆ.

ಈ ವಿವರಣೆ ಕೊಡಲು ಶುರುಮಾಡಿದರೆ ಬಂದವರು ಕಾಫಿ ಲೋಟದ ಕಡೆ ಕೈ ಚಾಚುತ್ತಾರೆ. ಅದಿರಲಿ. ಬಲಗಾಲು ಕೆಟ್ಟಿದ್ದಾಗ ಕೋಲು ನನ್ನ ಎಡಗೈಯಲ್ಲಿತ್ತು. ಈಗ ಎಡಗಾಲು ಕೆಟ್ಟಿರುವುದರಿಂದ ಬಲಗೈಗೆ ಬಂದಿದೆ. ಇದು ಬಡಾವಣೆಯ ಜನರ ಕಣ್ಣಿಗೆ ಬಿದ್ದಿದೆ. ಬೆಳಗಿನ ವಾಕಿಂಗಿನಲ್ಲಿ ಸಿಕ್ಕಿದ ಹಳೆಯ ಸಹೋದ್ಯೋಗಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೋದ ಸಲ ಈ ಕೈಲಿತ್ತಲ್ಲಾ?" ಎಂದರು. ಅವರ ದನಿಯಲ್ಲಿ ಅನುಕಂಪ ಇರಲಿಲ್ಲ. ವೈದ್ಯಕೀಯ ರಜೆಯ ಅರ್ಜಿಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಪ್ರಿನ್ಸಿಪಾಲರ ಕಣ್ಣು ಅದು.

ನೋಡಲು ಬರುವವರು ಕೇಳುವ ಮೊದಲ ಪ್ರಶ್ನೆ "ಬಿದ್ರಾ?" ಬಿದ್ದಿಲ್ಲ ಎಂದರೆ ನಿರಾಸೆ. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಮೂಳೆ ಸತ್ತು ಕುಸಿಯಿತು, ಈ ರೋಗ ಬಹಳ ಸಲ ಎರಡೂ ಕಡೆ ಬರುತ್ತದೆ ಎಂದು ಹೇಳುತ್ತೇನೆ. ಅಷ್ಟು ಹೊತ್ತಿಗೆ ಅವರು ಮೊಬೈಲ್ ತೆಗೆದು ಕಾರಣಗಳನ್ನು ಹುಡುಕಿರುತ್ತಾರೆ. ಸ್ಟೀರಾಯ್ಡ್, ಅತಿಯಾದ ಕುಡಿತ, ಸಮುದ್ರದಾಳಕ್ಕೆ ಮುಳುಗುವ ವೃತ್ತಿ. ನಾನು ಸ್ಟೀರಾಯ್ಡ್ ತೆಗೆದುಕೊಂಡವನಲ್ಲ. ಮುಳುಗಿದ್ದೆಂದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಅದೂ ತಂದೆಯ ಅಸ್ಥಿ ಬಿಡಲು ಹೋದಾಗ, ಮಂಡಿಯುದ್ದ ನೀರಿನಲ್ಲಿ. ಉಳಿಯಿತು ಒಂದೇ. "ಕಾರಣವೇ ಇಲ್ಲದೆಯೂ ಬರತ್ತಂತೆ, ಡಾಕ್ಟ್ರೇ ಹೇಳಿದಾರೆ" ಎಂದು ನನ್ನ ಹೆಂಡತಿ ಎಷ್ಟು ಗಟ್ಟಿಯಾಗಿ ಹೇಳುತ್ತಾಳೋ ಅವರ ಅನುಮಾನ ಅಷ್ಟು ಗಟ್ಟಿಯಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿಯ ಹೊರತು ಚಟವಿಲ್ಲದವನು ಈ ವಯಸ್ಸಿನಲ್ಲಿ ಗುಟ್ಟಿನ ಕುಡುಕನಾಗಿ ಪ್ರಸಿದ್ಧನಾದೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನನ್ನ ಮೇಲೆ ಹೊಸ ಗೌರವ ಹುಟ್ಟಿದೆ ಎಂದು ಕೇಳಿದ್ದೇನೆ.

ಎದುರು ಮನೆಯ ಸಂಸ್ಕೃತ ವಿದ್ವಾಂಸರು ಬಂದಾಗ ಮಾತು ಋಗ್ವೇದಕ್ಕೆ ಹೋಯಿತು. ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲು ಜೋಡಿಸಿಕೊಟ್ಟ ಪ್ರಸಂಗ ಅದರಲ್ಲಿದೆ. ಅವರು ಅದನ್ನು ರಾಗವಾಗಿ ಬಣ್ಣಿಸಿದರು. ಅಮ್ಮ ಎಲ್ಲ ಕೇಳಿ, "ಅವರು ಅವಳೀ ಜವಳಿ ಅಲ್ವಾ? ಇವನಿಗೆ ಒಬ್ಬೊಬ್ರು ಒಂದೊಂದು ಕಡೆ ಕೂತು ಎರಡೂ ಒಟ್ಟಿಗೆ ಮುಗಿಸಿಬಿಡಬಹುದಿತ್ತು" ಎಂದಳು.

ನನಗೆ ಅಶ್ವಿನೀದೇವತೆ ಎಂದರೆ ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಘರ್ಷಣೆಯ ಪಾಠವನ್ನು ಬದುಕಿಡೀ ಮಾಡಿದ ನಾನು ಈ ಮನುಷ್ಯನ ಕತೆಯನ್ನು ಮಾತ್ರೆಯ ಮತ್ತಿನ ನಡುವೆ ಓದಿಕೊಂಡೆ. 1946ರಲ್ಲಿ ಪ್ಯಾರಿಸ್ಸಿನ ಜ್ಯೂಡೆ ಸೋದರರು ತೊಡೆಮೂಳೆಗೆ ಅಕ್ರಿಲಿಕ್ ತಲೆ ಕೂರಿಸಲು ಶುರುಮಾಡಿದ್ದರು. ಅಂಥದ್ದೊಂದನ್ನು ಹಾಕಿಸಿಕೊಂಡ ರೋಗಿಯೊಬ್ಬ ಚಾರ್ನ್ಲಿಯ ಬಳಿ ಬಂದ. ಅವನು ಬಗ್ಗಿದರೆ ಸಾಕು ಸೊಂಟ ಕೀರ್ ಎನ್ನುತ್ತಿತ್ತು. ತಡೆಯಲಾರದೆ ಹೆಂಡತಿ ಎದ್ದು ಹೋಗುತ್ತಿದ್ದಳು. ಕೀರ್ ಎಂದರೆ ಘರ್ಷಣೆ ಎಂದು ಚಾರ್ನ್ಲಿ ಯೋಚನೆಗೆ ಬಿದ್ದ. ನಮ್ಮ ಹುಟ್ಟುಕೀಲಿನ ಘರ್ಷಣೆ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತ ಕಡಿಮೆ. ಅದಕ್ಕೆ ಸಮ ಬರುವಂಥದ್ದು ಎಲ್ಲಿಂದ ತರುವುದು? ಮೊದಲು ಟೆಫ್ಲಾನ್ ಹಾಕಿದ. ಕೆಲವೇ ವರ್ಷಗಳಲ್ಲಿ ಸವೆದುಹೋಗಿ, ಮುನ್ನೂರರಷ್ಟು ರೋಗಿಗಳ ಗೋಳು ಕೇಳಬೇಕಾಯಿತು. ಆಮೇಲೆ ಮಗ್ಗದ ಗಾಲಿಗಳಿಗೆ ಬಳಸುತ್ತಿದ್ದ ಇನ್ನೊಂದು ಪ್ಲಾಸ್ಟಿಕ್ಕಿನ ತುಂಡನ್ನು ಮಾರಾಟಗಾರನೊಬ್ಬ ಪ್ರಯೋಗಾಲಯಕ್ಕೆ ತಂದ. ಚಾರ್ನ್ಲಿ ಮೂಗು ಮುರಿದ. ಆದರೆ ಅವನ ತಂತ್ರಜ್ಞ ಹ್ಯಾರಿ ಕ್ರೇವನ್, ಯಜಮಾನ ಊರಲ್ಲಿಲ್ಲದಾಗ ಅದನ್ನು ಯಂತ್ರಕ್ಕೆ ಹಾಕಿ ಉಜ್ಜುತ್ತಲೇ ಇದ್ದ. ಅದು ಸವೆಯಲೇ ಒಲ್ಲದು. 1962ರಿಂದ ಅದೇ ಪಾಲಿಥಿಲೀನ್ ಸೊಂಟಗಳಲ್ಲಿ ಕೂತಿದೆ. ಅದರ ಸುಧಾರಿತ ಮರಿಮಗ ನನ್ನೊಳಗಿದೆ. ಪ್ರಯೋಗಾಲಯದ ಅಟೆಂಡರುಗಳ ಮಾತಿಗೆ ಬೆಲೆ ಕೊಡಬೇಕೆಂದು ನಾನು ಸ್ಟಾಫ್ ಮೀಟಿಂಗಿನಲ್ಲಿ ಹೇಳುತ್ತಿದ್ದಾಗ ನಗುತ್ತಿದ್ದವರು ಇದನ್ನು ಓದಬೇಕು.

ಸವೆತ ಪರೀಕ್ಷಿಸಲು, ಸತ್ತ ಮೇಲೆ ಆ ಕೀಲನ್ನು ತೆಗೆದುಕೊಳ್ಳಲು ಚಾರ್ನ್ಲಿ ರೋಗಿಗಳಿಂದ ಮೊದಲೇ ಒಪ್ಪಿಗೆ ಪಡೆಯುತ್ತಿದ್ದನಂತೆ, ಲೈಬ್ರರಿ ಪುಸ್ತಕದ ಹಾಗೆ. ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಸೆರಾಮಿಕ್ ಗುಂಡಿಗೆ ಸೆರಾಮಿಕ್ ಬಟ್ಟಲೇ ಹಾಕಿದರೆ ಈಗಲೂ ಕೆಲವರಿಗೆ ಕೀರ್ ಎನ್ನುವುದುಂಟು, ನನ್ನದು ಹಾಗಲ್ಲ ಎಂದೆ. "ಅಂದಿದ್ರೆ ನಾನೇನು ಎದ್ದು ಹೋಗ್ತಿರ್ಲಿಲ್ಲ. ಎಲ್ಲಿದೀರಿ ಅಂತ ಗೊತ್ತಾಗ್ತಿತ್ತು" ಎಂದಳು.

ಚಾರ್ನ್ಲಿಯ ಕಾಲದಲ್ಲೇ ಬರ್ಮಾದ ಮಾಂಡಲೆಯಲ್ಲಿ ಸಾನ್ ಬಾ ಎಂಬ ಸರ್ಜನ್ 1960ರಿಂದ ಆನೆಯ ದಂತದಲ್ಲೇ ಸೊಂಟದ ಗುಂಡು ಕೆತ್ತಿ ಕೂರಿಸುತ್ತಿದ್ದ. ಮೊದಲ ರೋಗಿ ಒಬ್ಬ ಮುದಿ ಬೌದ್ಧ ಸನ್ಯಾಸಿನಿ. ಇದನ್ನು ಕೇಳಿದ ದಿನ ಅಮ್ಮ ದಸರಾ ಆನೆಗಳ ಹೆಸರನ್ನೆಲ್ಲ ಹೇಳಿ, ನನ್ನನ್ನು ಸ್ವಲ್ಪ ದೂರದಿಂದ ನೋಡಿದಳು.

ಎಡಗಡೆಯ ಮೂಳೆ ಕುಸಿದು ಆ ಕಾಲು ಗಿಡ್ಡವಾಗಿದೆ, ಹೊಸ ಕಾಲು ಉದ್ದವಾಗಿ ಕಾಣುತ್ತಿದೆ. ಎರಡನೆಯದೂ ಆದರೆ ಸಮವಾಗುತ್ತದೆ, ಅಲ್ಲಿಯವರೆಗೆ ಎಡ ಚಪ್ಪಲಿಗೆ ಒಂದು ಅಟ್ಟೆ ಏರಿಸಿಕೊಳ್ಳಿ ಎಂದರು ಡಾಕ್ಟರು. ಮಾರ್ಕೆಟ್ಟಿನ ಹತ್ತಿರ ಕೂರುವ ಚಮ್ಮಾರನಿಗೆ ಚಪ್ಪಲಿ ಕೊಟ್ಟು ಕಳಿಸಿದೆವು. ಅವನು ಅಚ್ಚುಕಟ್ಟಾಗಿ ಎರಡಕ್ಕೂ ಅಟ್ಟೆ ಹೊಡೆದು ಕಳಿಸಿದ. ಯಾಕಪ್ಪಾ ಎಂದರೆ, "ಒಂದಕ್ಕೇ ಹಾಕಿದ್ರೆ ಏರುಪೇರಾಗಲ್ವಾ ಸಾರ್? ಒಂದರ ದುಡ್ಡೇ ಕೊಡಿ, ಪರವಾಗಿಲ್ಲ" ಎಂದ. ಈಗ ನಾನು ಕುಂಟುವುದು ಅರ್ಧ ಇಂಚು ಎತ್ತರದಲ್ಲಿ.

ಮುಂದಿನ ಆಪರೇಷನ್ನಿನ ಸಿದ್ಧತೆ ಹಲ್ಲಿನ ಡಾಕ್ಟರಿಂದ ಶುರುವಾಯಿತು. ಹುಳುಕು ಹಲ್ಲಿನ ಸೋಂಕು ರಕ್ತದಲ್ಲಿ ತೇಲಿಹೋಗಿ ಹೊಸ ಕೀಲಿನಲ್ಲಿ ಮನೆ ಮಾಡಬಹುದಂತೆ. ಅಲ್ಲಿನ ಹುಡುಗ "ಎಲ್ಲಿ ನೋವು?" ಎಂದ. ಸೊಂಟ ತೋರಿಸಿದೆ. ಅವನು ನನ್ನ ಹೆಂಡತಿಯ ಮುಖ ನೋಡಿದ. ಚಾರ್ನ್ಲಿಗೆ ಮೂಳೆ ಅಂಟಿಸುವ ಸಿಮೆಂಟು ಸಿಕ್ಕಿದ್ದೂ ಹಲ್ಲಿನವರ ಅಕ್ರಿಲಿಕ್ಕಿನಿಂದಲೇ ಎಂದು ಹೇಳಹೊರಟೆ. ಬಾಯಿಗೆ ಕನ್ನಡಿ ಇಟ್ಟ.

ಸಕ್ಕರೆ, ಇಸಿಜಿ, ಎದೆಯ ಎಕ್ಸ್‌ರೇ, ಮೂತ್ರ ಎಲ್ಲ ಆಗಿದೆ. ಹೋದ ಸಲ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಕಿವಿ ಮರಗಟ್ಟಿರಲಿಲ್ಲ. ಪರದೆಯಾಚೆ ಸುತ್ತಿಗೆಯ ಏಟು ಬೀಳುತ್ತಿತ್ತು. ಏಟಿಗೊಮ್ಮೆ ನನ್ನ ತಲೆ ದಿಂಬಿನ ಮೇಲೆ ಅಲುಗುತ್ತಿತ್ತು. ಬಡಿಯುತ್ತಿದ್ದವರು ನಡುವೆ ಕ್ರಿಕೆಟ್ ಸ್ಕೋರು ಕೇಳಿದರು. ಈ ಸಲ ನಾನೇ ತಿಳಿದುಕೊಂಡು ಹೋಗಬೇಕೆಂದಿದ್ದೇನೆ. ಅದಕ್ಕೂ ಮೊದಲು ಬರುವವರೆಲ್ಲ, ನರ್ಸು, ಅರಿವಳಿಕೆಯವರು, ಸರ್ಜನ್, "ಯಾವ ಕಾಲು?" ಎಂದು ಒಬ್ಬೊಬ್ಬರಾಗಿ ಕೇಳಿ, ತೊಡೆಯ ಮೇಲೆ ಮಾರ್ಕರಿನಲ್ಲಿ ಬಾಣದ ಗುರುತು ಹಾಕುತ್ತಾರೆ. ಹೋದ ಸಲ ಹೇಳಿ ಹೇಳಿ "ಬಲ" ಎನ್ನುವುದು ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಹೆಂಡತಿ ದಿನಾ ರಾತ್ರಿ ದೀಪ ಆರಿಸುವ ಮುಂಚೆ ಇದ್ದಕ್ಕಿದ್ದಂತೆ "ಯಾವ ಕಾಲು?" ಎನ್ನುತ್ತಾಳೆ. ಥಟ್ಟನೆ "ಎಡ" ಎನ್ನಬೇಕು.

ನಮ್ಮ ಮನೆಯಲ್ಲಿರುವ ವಾಕರು, ಕಮೋಡಿನ ಎತ್ತರದ ಸೀಟು, ಮಲಗುವಾಗ ಕಾಲ ನಡುವೆ ಇಟ್ಟುಕೊಳ್ಳುವ ತ್ರಿಕೋನದ ದಿಂಬು ಯಾವುದೂ ನನ್ನದಲ್ಲ. ಅವು ಬಡಾವಣೆಯ ಆಸ್ತಿ. ನನಗೆ ಬಂದದ್ದು ಮೇಲಿನ ಕ್ರಾಸಿನ ಬ್ಯಾಂಕಿನವರಿಂದ, ಅವರಿಗೆ ಅವರ ಬೀಗರಿಂದ. ಅದಕ್ಕೂ ಹಿಂದಿನ ವಂಶಾವಳಿ ಯಾರಿಗೂ ಗೊತ್ತಿಲ್ಲ. ಸೀಟಿನ ತಳದಲ್ಲಿ ಯಾರೋ ಮೊಳೆಯಿಂದ ಕೊರೆದ ಎರಡು ಇಂಗ್ಲಿಷ್ ಅಕ್ಷರಗಳಿವೆ. ಮೊನ್ನೆ ಹಿಂದಿನ ಬೀದಿಯವರೊಬ್ಬರು ಕುಂಟುತ್ತಾ ಬಂದು ನನ್ನ ಆರೋಗ್ಯ ವಿಚಾರಿಸಿದರು. ಕಣ್ಣು ಪೂರ್ತಿ ವಾಕರಿನ ಮೇಲಿತ್ತು. ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೋದವರು ಸೀಟನ್ನೂ ನೋಡಿಕೊಂಡು ಬಂದರು. ಕೊನೆಗೆ ಗಂಟಲು ಸರಿಮಾಡಿಕೊಂಡು "ನಿಮ್ದು ಯಾವಾಗ ಮುಗಿಯತ್ತೆ?" ಎಂದರು. "ಇನ್ನೂ ಒಂದು ಕಾಲಿದೆಯಪ್ಪಾ" ಎಂದಳು ಅಮ್ಮ ಅವರೆಕಾಯಿ ಸುಲಿಯುತ್ತಾ. ಅವರ ಮುಖ ಸಣ್ಣಗಾಯಿತು. ಹೆಂಡತಿ ಎದ್ದುಹೋಗಿ ಕ್ಯಾಲೆಂಡರ್ ತಿರುವಿ, ಸಂಕ್ರಾಂತಿ ಕಳೆದ ಮೇಲಿನ ಪುಟದಲ್ಲಿ ಅವರ ಹೆಸರು ಬರೆದುಕೊಂಡು, "ನಿಮ್ಮದು ಒಂದು ಕಡೆಯೋ, ಎರಡೂನೋ?" ಎಂದು ಕೇಳಿದಳು. ಅವರ ಹಿಂದೆ ಆಗಲೇ ಇನ್ನಿಬ್ಬರು ಹೇಳಿಟ್ಟಿದ್ದಾರೆ.